ಎಡಗಡೆಯ ಹಿಂದಿನ ಗಂಟು

ಪುಣೆ, ಸದಾಶಿವ ಪೇಠ
ತಾ. ೧೬ ಆಗಸ್ಟ್ ೧೯೩೭

ನಮ್ಮ ಮಲಕಪ್ಪನಿಗೆ, ಮಾವ ನಿಜಲಿಂಗಪ್ಪ ಕೇಳುವ ಕ್ಷೇಮ.

ನಿನ್ನೆ ಬೆಳಗಿನ ಜಾವ ಒಂದು ಕನಸು ಬಿತ್ತು. ಒಂದು ಗಾಲಿ, ಬರೀ ಒಂದು ಗಾಲಿ, ಗಾಳಿಯಲ್ಲಿ ತಿರುಗುತ್ತಿತ್ತು. ಕೆಳಗೆ ರಸ್ತೆ ಇಲ್ಲ. ದಿವೆ ಘಾಟಿನ ಆ ತಿರುವಿನ ಉದ್ದಕ್ಕೂ ರವಿಕೆಯ ಖಣಗಳು ಬಿಚ್ಚಿ ಬಿದ್ದಿದ್ದವು. ಯಾರೋ ನಿನ್ನ ಅಕ್ಕನ ದನಿಯಲ್ಲಿ ‘ಇವನ್ನ ಮಡಚ್ರಿ, ಗಿರಾಕಿ ಬಂದಾರ’ ಎನ್ನುತ್ತಿದ್ದರು. ನಾನು ಮಡಚುತ್ತಲೇ ಇದ್ದೆ, ಮುಗಿಯಲೇ ಇಲ್ಲ.

ಇದೆಲ್ಲ ನಿನ್ನ ಕಾಗದದ ದೆಸೆಯಿಂದ. ಹನ್ನೊಂದು ವರ್ಷದ ಮೇಲೆ ನಿನ್ನ ಅಕ್ಷರ ಕಂಡೆ. ಮನೆಗೆ ಬರೆಯದೆ ಖಣದ ಅಂಗಡಿಗೆ ಬರೆದದ್ದು ಒಳ್ಳೆಯದಾಯಿತು. ಸಾವಕಾರ ಶಿವಪ್ಪನವರು ‘ಯಾರದೋ ನಿಜಲಿಂಗಪ್ಪಾ, ಮುಖ ಯಾಕ ಇಳೀತು’ ಎಂದು ಕೇಳಿದರು. ಊರಿಂದ ಎಂದೆ. ಗಾದಿಯ ಕೆಳಗಿಟ್ಟು ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಓದಿದೆ. ನಾಲ್ಕು ಸಲ ಓದಿದೆ. ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನು, ಮೊದಲ ಸಲ ಓದಿದಾಗ ನನಗೆ ಹೆದರಿಕೆಯಷ್ಟೇ ತಿಳಿಯುತ್ತದೆ, ಅರ್ಥ ಆಮೇಲೆ ಬರುತ್ತದೆ.

ನಾನು ತಿಳಿದುಕೊಂಡದ್ದು ಸರಿಯೋ ನೋಡು. ನೀನು ಹಳೆಯದೊಂದು ಮೋಟಾರಸೈಕಲ್ ಕೊಂಡು ಕೈಯಾರೆ ರಿಪೇರಿ ಮಾಡಿದ್ದೀ. ದೀಪಾವಳಿ ಆದಮೇಲೆ ವಿಜಾಪುರದಿಂದ ಅದರ ಮೇಲೆ ಪುಣೆಗೆ ಬರುತ್ತೀ. ನಿನ್ನ ಅಕ್ಕನನ್ನು ಹಿಂದೆ ಕೂಡ್ರಿಸಿಕೊಂಡು ಸಾಸವಡ, ಜೇಜೂರಿ, ಫಲಟಣ, ಪಂಢರಪುರ, ಮಂಗಳವೇಢೆ ಎಲ್ಲ ತೋರಿಸುತ್ತ ನಿಧಾನವಾಗಿ ನಿನ್ನ ಮನೆಗೆ ಒಯ್ಯುತ್ತೀ. ಹತ್ತು ದಿನ ಇಟ್ಟುಕೊಂಡು ಕೂಡಲಸಂಗಮವನ್ನೂ ಮಾಡಿಸುತ್ತೀ. ಸಾಮಾನು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಬುತ್ತಿ. ಇದೇ ಅಲ್ಲವೇ.

ಮಲಕಪ್ಪ, ಇದನ್ನು ಯಾರಾದರೂ ಬುದ್ಧಿ ಇದ್ದವರು ಬರೆಯುತ್ತಾರೆಯೇ. ನಮ್ಮ ಮನೆಯವಳಿಗೆ ನಲವತ್ತು ದಾಟಿತು. ಟಾಂಗಾದಲ್ಲಿ ಕೂತರೇ ಎರಡೂ ಕೈಯಿಂದ ಹಿಡಿದುಕೊಳ್ಳುವವಳು. ಇಳಕಲ್ ಸೀರೆಯ ಸೆರಗು ಗಾಲಿಗೆ ಸಿಕ್ಕರೆ? ದಾರಿಯಲ್ಲಿ ಟಾಯರು ಒಡೆದರೆ? ಪಂಢರಪುರದಲ್ಲಿ ಭೀಮೆಗೆ ನೀರು ಹೆಚ್ಚಿದ್ದರೆ ಗಾಡಿ ದೋಣಿ ಹತ್ತುತ್ತದೆಯೇ? ನಿನ್ನ ಎಡಗಾಲು ಗಿಡ್ಡಾಗಿದೆ, ಗಾಡಿ ನಿಲ್ಲಿಸುವಾಗ ಅದು ನೆಲಕ್ಕೆ ಮುಟ್ಟುತ್ತದೆಯೇ? ಮೇಲಾಗಿ ದಿವೆ ಘಾಟು. ಲೋಕದಲ್ಲಿ ಬೇರೆ ದಾರಿ ಇಲ್ಲವೇ.

ಇನ್ನು ದೊಡ್ಡ ಮಾತು. ಮೊನ್ನೆ ನಾಗರಪಂಚಮಿ ಆಯಿತು. ಎಲ್ಲರ ಮನೆಗೂ ತವರಿನಿಂದ ಅಣ್ಣ ತಮ್ಮಂದಿರು ಕರೆಯಲು ಬರುತ್ತಾರೆ, ನಮ್ಮ ಮನೆಯ ಬಾಗಿಲಿಗೆ ಮಾತ್ರ ಯಾರೂ ಬರುವುದಿಲ್ಲ. ಉಂಡಿ ಕಟ್ಟಿ ಡಬ್ಬಿಯಲ್ಲಿಟ್ಟು ಅವಳು ಅಂದು ಸುಮ್ಮನೆ ಕೂತುಬಿಡುತ್ತಾಳೆ. ಹನ್ನೊಂದು ವರ್ಷದ ಹಿಂದೆ ದವಾಖಾನೆಯ ಮೆಟ್ಟಿಲ ಮೇಲೆ ‘ಇನ್ನ ಸಾಯೂತನಕ ನಿನ್ನ ಮುಖಾ ನೋಡೂದಿಲ್ಲ’ ಎಂದು ನಿನಗೆ ಆಣೆ ಇಟ್ಟು ಹೇಳಿದ್ದು ಇನ್ನೂ ಹಾಗೇ ಇದೆ. ನೀನು ಗಾಡಿ ಜೋರು ಹೊಡೆದು ಘಾಟಿನಲ್ಲಿ ನನ್ನನ್ನು ಕೆಡವಿದೆ, ಹದಿನೈದು ದಿನ ನನಗೆ ಎಚ್ಚರ ಇರಲಿಲ್ಲ, ಕುಂಕುಮ ಹೋಗುವುದಿತ್ತು, ಎಂದು ಅವಳ ಸಿಟ್ಟು. ಅವಳು ಹಾಗೆ ತಿಳಿದಿದ್ದಾಳೆ.

ರೈಲಿನಿಂದ ಬಾ. ಅದಾದರೆ ನಾನು ಅವಳನ್ನು ಕೇಳಲಾದರೂ ಕೇಳಬಹುದು.

ನಿನ್ನ ಹಿತ ಬಯಸುವ
ನಿಜಲಿಂಗಪ್ಪ

ತಾ.ಕ.: ಗಾಡಿಯ ಬ್ರೇಕು ಎರಡೂ ಗಾಲಿಗೆ ಇವೆಯೋ ಒಂದಕ್ಕೋ, ಅದನ್ನು ಬರೆ.


ವಿಜಾಪುರ
ತಾ. ೨೭ ಆಗಸ್ಟ್ ೧೯೩೭

ಮಾವನವರಿಗೆ ಮಲಕಪ್ಪನ ಶರಣು.

ಬ್ರೇಕು ಎರಡಕ್ಕೂ ಇವೆ. ಕಾಲು ಮುಟ್ಟುತ್ತದೆ, ಚಪ್ಪಲಿಗೆ ಎರಡು ಬೆರಳು ಅಟ್ಟೆ ಹಚ್ಚಿಸಿದ್ದೇನೆ. ಸೀರೆಗೆ ಹೆದರಬೇಡಿರಿ, ಹಿಂದಿನ ಗಾಲಿಗೆ ಎಡಗಡೆ ಪೂರ್ತಿ ತಗಡಿನ ಮರೆ ಕಟ್ಟಿದ್ದೇನೆ. ಅಕ್ಕ ಎಡಕ್ಕೆ ಕಾಲು ಇಳಿಬಿಟ್ಟು ಕೂಡುತ್ತಾಳೆ, ಕಾಲಿಡಲು ಸಾಗವಾನಿಯ ಹಲಗೆ ಇದೆ. ಆಸನಕ್ಕೆ ಹತ್ತಿ ತುಂಬಿಸಿದ್ದೇನೆ, ಏಳು ವರ್ಷದ ನನ್ನ ಮಗಳು ಅದರ ಮೇಲೆ ಕೂತು ದಿನಾ ಸವಾರಿ ಮಾಡುತ್ತಾಳೆ, ಗಾಡಿ ನಿಂತಲ್ಲೇ ಇರುತ್ತದೆ. ಅತ್ತೆ ಯಾವಾಗ ಬರುತ್ತಾಳೆ ಎಂದು ಕೇಳುತ್ತಾಳೆ. ಅವಳು ತನ್ನ ಅತ್ತೆಯನ್ನು ಇನ್ನೂ ನೋಡಿಲ್ಲ.

ಸಾಮಾನಿನ ವಿಷಯ. ಆಸನದ ಹಿಂದೆ ಕಬ್ಬಿಣದ ಕ್ಯಾರಿಯರ್ ಇದೆ, ಅದರ ಮೇಲೆ ಟ್ರಂಕು, ಟ್ರಂಕಿನ ಮೇಲೆ ಹಾಸಿಗೆ. ಟ್ರಂಕು ಮೂವತ್ತು ಪೌಂಡು ಮೀರಬಾರದು. ಹಿಂದಿನ ಗಾಲಿಯ ಆಚೆಗೆ ಭಾರ ಹೆಚ್ಚಾದರೆ ಮುಂದಿನ ಗಾಲಿ ಹಗುರಾಗುತ್ತದೆ, ಏರು ಹತ್ತುವಾಗ ಹ್ಯಾಂಡಲ್ ಮಾತು ಕೇಳುವುದಿಲ್ಲ. ಪೆಟ್ರೋಲಿನ ಡಬ್ಬಿ ಬಲಗಡೆ ನೇತುಹಾಕುತ್ತೇನೆ, ಅಕ್ಕನ ಕಾಲಿನ ಭಾರಕ್ಕೆ ಸರಿತೂಕವಾಗುತ್ತದೆ. ದಿನಕ್ಕೆ ನಲವತ್ತು ಮೈಲಿಗಿಂತ ಹೆಚ್ಚು ಇಲ್ಲ. ಸಂಜೆ ಆಗುವ ಮೊದಲು ಇಳಿಯುವುದು, ಮಠ ಸಿಕ್ಕರೆ ಮಠ, ಧರ್ಮಶಾಲೆ ಸಿಕ್ಕರೆ ಧರ್ಮಶಾಲೆ.

ರೈಲು ಯಾಕೆ ಬೇಡ ಎಂದರೆ, ರೈಲಿನಲ್ಲಿ ಎದುರುಬದುರು ಕೂಡಬೇಕಾಗುತ್ತದೆ. ಅಕ್ಕ ನನ್ನ ಮುಖ ನೋಡುವುದಿಲ್ಲ ಎಂದು ಆಣೆ ಮಾಡಿದ್ದಾಳೆ. ಮೋಟಾರಸೈಕಲ್ ಮೇಲೆ ನನ್ನ ಬೆನ್ನು ನೋಡಿದರೆ ಸಾಕು. ಇನ್ನೂರು ಮೈಲಿ ಅವಳ ಆಣೆ ಮುರಿಯುವುದಿಲ್ಲ. ಇದನ್ನು ಯೋಚಿಸಿಯೇ ಗಾಡಿ ಕೊಂಡೆ.

ಅಕ್ಕನನ್ನು ಕೇಳಿರಿ.

ಮಲಕಪ್ಪ


ಪುಣೆ
ತಾ. ೧೨ ಸಪ್ಟಂಬರ್ ೧೯೩೭

ಚಿ. ಮಲಕಪ್ಪನಿಗೆ ಆಶೀರ್ವಾದ.

ಕೇಳಿದೆ. ಹದಿನೈದು ದಿನ ತಡೆದು, ನಿನ್ನೆ ಗಣೇಶ ಚೌತಿ ಹಬ್ಬದ ಗಡಿಬಿಡಿ ಮುಗಿದ ಮೇಲೆ ಕೇಳಿದೆ. ಅವಳು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಎದುರು ಮನೆಯ ರಾಧಾಬಾಯಿ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಮೂರನೆಯವರು ಇದ್ದರೆ ಅವಳು ಜೋರು ಮಾಡಲಿಕ್ಕಿಲ್ಲ ಎಂದು ನನ್ನ ಎಣಿಕೆ. ತಪ್ಪಾಯಿತು.

‘ಮುಖಾ ಬ್ಯಾಡಂದ್ರ ಬೆನ್ನು ಯಾಕ ಬೇಕು ನನಗ’ ಎಂದಳು. ಆಮೇಲೆ ಸ್ವಲ್ಪ ಹೊತ್ತು ತಿಕ್ಕಿದಳು. ಆಮೇಲೆ, ‘ಎಷ್ಟು ವರ್ಷದ ಕೂಸು?’ ಎಂದಳು. ನಿನ್ನ ಮಗಳ ವಿಷಯ. ಏಳು ಎಂದೆ. ‘ನಿಮಗ ಹ್ಯಾಂಗ ಗೊತ್ತು’ ಎಂದಳು. ಆಗ ಕಾಗದದ ವಿಷಯ ಹೇಳಬೇಕಾಯಿತು.

ರಾಧಾಬಾಯಿ ಮೋಟಾರಸೈಕಲ್ ಎಂಬ ಒಂದೇ ಶಬ್ದ ಹಿಡಿದುಕೊಂಡು ‘ಅಗ ಬಾಯಿ, ಪಡಶೀಲ ಗ ಕಲ್ಲವ್ವಾ’ ಎಂದು ತನ್ನ ಮರಾಠಿಯಲ್ಲಿ ಹೇಳಿ ಎದೆ ಮೇಲೆ ಕೈ ಇಟ್ಟುಕೊಂಡಳು. ನಿನ್ನ ಅಕ್ಕ ‘ಬಿದ್ದರ ನಾ ಬೀಳ್ತೀನಿ, ನಿನ್ನ ಅಕ್ಕಿ ನೋಡ್ಕೊ’ ಎಂದಳು. ನನಗೆ ಆಸೆ ಹುಟ್ಟಿತು. ಅಷ್ಟರಲ್ಲಿ ನನ್ನ ಕಡೆ ತಿರುಗಿ ಕೇಳಿದಳು.

‘ನಿಮ್ಮನ್ನ ಕೆಡವಿದಾಂವ ನನ್ನ ಕೆಡವೂದಿಲ್ಲಂತ ಏನ್ ಖಾತ್ರಿ? ನೀವ ಹೇಳ್ರಿ. ಅಂದು ಗಾಡಿ ಮ್ಯಾಲ ನೀವ ಇದ್ದವರು. ಅಂವ ಜೋರು ಹೊಡದನೋ ಇಲ್ಲೋ?’

ನನ್ನ ಬಾಯಲ್ಲಿ ಎಲೆಯಡಿಕೆ ಇತ್ತು.

‘ನೋಡು, ಅವರಿಗೇ ಮಾತು ಬರವೊಲ್ವು’ ಎಂದು ರಾಧಾಬಾಯಿಗೆ ಹೇಳಿ ಒಳಗೆ ಹೋದಳು. ಹೀಗಾಗಿದೆ. ಪೂರ್ತಿ ಇಲ್ಲ ಎಂದಿಲ್ಲ, ಹೂಂ ಎಂದೂ ಇಲ್ಲ.

ಆದರೂ ನಾನು ಟ್ರಂಕನ್ನು ಮಾರ್ತಾಂಡನ ಬೆಲ್ಲದ ಅಡತಿ ಅಂಗಡಿಗೆ ಒಯ್ದು ತೂಗಿಸಿ ಬಂದೆ. ಬರೀ ಟ್ರಂಕೇ ಹನ್ನೊಂದು ಪೌಂಡು ಇದೆ. ಹತ್ತೊಂಬತ್ತು ಪೌಂಡಿನಲ್ಲಿ ಏನು ತುಂಬುವುದು? ಸೀರೆ ನಾಲ್ಕು, ಹೊದೆಯಲು ಒಂದು ಕೌದಿ, ಕೌದಿ ನೀರು ಕುಡಿದರೆ ತೂಕ ಎರಡಾಗುತ್ತದೆ, ಆದ್ದರಿಂದ ಮೇಣಗಪ್ಪಡ ಬೇಕು. ಬುತ್ತಿಗೆ ಸಜ್ಜೆ ರೊಟ್ಟಿ ಹಗುರ, ಆದರೆ ದಾರಿಯ ಕುಣಿತಕ್ಕೆ ಪುಡಿಯಾಗುತ್ತದೆ. ಇದಕ್ಕೂ ಏನಾದರೂ ಹೇಳು.

ಮತ್ತೊಂದು. ಸಾಮಾನು ಕಟ್ಟುವುದು ನೀನೇ ಕಟ್ಟಬೇಕು. ನಾನು ಮುಟ್ಟುವುದಿಲ್ಲ. ನಿನ್ನ ಗಾಡಿ, ನಿನಗೇ ಅದರ ಹದ ಗೊತ್ತು. ನೀನೇ ಕಟ್ಟು. ಇದನ್ನು ಮರೆಯಬೇಡ.

ನಿನ್ನ
ನಿಜಲಿಂಗಪ್ಪ


ವಿಜಾಪುರ
ತಾ. ೨೨ ಸಪ್ಟಂಬರ್ ೧೯೩೭

ಮಾವನವರಿಗೆ ಶರಣು.

ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಸೀರೆಗಳ ನಡುವೆ ಇಡಿರಿ, ಪುಡಿಯಾಗುವುದಿಲ್ಲ. ಮೇಣಗಪ್ಪಡ ನನ್ನ ಹತ್ತಿರ ಇದೆ. ಕಾರ್ತಿಕ ಏಕಾದಶಿಗೆ ಪಂಢರಪುರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆ ಜಂಗುಳಿ ಕಳೆದ ಮೇಲೆ ಹೊರಡೋಣ. ನವಂಬರ್ ಇಪ್ಪತ್ತೆರಡು ಸೋಮವಾರ ಬರುತ್ತದೆ, ಅಕ್ಕನಿಗೆ ಸೋಮವಾರ ಆಗಿಬರುತ್ತದೆ.

ಸಾಮಾನು ನೀವೇ ಕಟ್ಟಬೇಕು. ಹಗಲಿಡೀ ಕಟ್ಟುವುದು ಬಿಚ್ಚುವುದು ನಿಮ್ಮ ಕೆಲಸ. ನಿಮ್ಮ ಕೈಯಿಂದಲೇ ಆಗಬೇಕು.

ಮಲಕಪ್ಪ


ಪುಣೆ
ತಾ. ೧೬ ಅಕ್ಟೋಬರ್ ೧೯೩೭

ಮಲಕಪ್ಪ,

ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ಹರಿದೆ. ದಸರೆಯ ದಿನ ಅಂಗಡಿ ಪೂಜೆ ಮಾಡುವಾಗ ಸಾವಕಾರರು ಕತ್ತರಿ, ಗಜಕಡ್ಡಿ, ಮೂಟೆ ಕಟ್ಟುವ ಪಟ್ಟಿಯ ಉಂಡೆ ಎಲ್ಲಕ್ಕೂ ಕುಂಕುಮ ಹಚ್ಚಲು ಹೇಳಿದರು. ಆ ಪಟ್ಟಿಗೆ ಕುಂಕುಮ ಹಚ್ಚಲು ನನ್ನ ಕೈ ಏಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕಾಗದದ ಆ ಕೊನೆಯ ಮಾತು ಎಷ್ಟು ಸಲ ಓದಿದರೂ ನನಗೆ ಎರಡು ಥರ ಕಾಣುತ್ತದೆ. ನಿನಗೆ ಗೊತ್ತಿರಬಹುದು. ಗೊತ್ತಿಲ್ಲದಿರಬಹುದು. ಗೊತ್ತಿದ್ದರೂ ಇಲ್ಲದಿದ್ದರೂ ನಾನು ಹೇಳಬೇಕು.

ಅಂದು ಸಾಸವಡದ ಸಂತೆಗೆ ಸಾವಕಾರರು ಖಣದ ಒಂದು ಮೂಟೆ ಕೊಟ್ಟಿದ್ದರು. ನೀನು ಆಗ ಕ್ಯಾಂಪಿನ ಗ್ಯಾರೇಜಿನಲ್ಲಿದ್ದೆ, ರಿಪೇರಿಯಾದ ಗಾಡಿಯನ್ನು ಓಡಿಸಿ ನೋಡಬೇಕಿತ್ತು, ‘ಬರ್ರಿ ಮಾವ, ಮುಟ್ಟಿಸ್ತೀನಿ’ ಎಂದೆ. ಮೂಟೆ ಕಟ್ಟಲು ನೀನು ಕಾತಿಯ, ತೆಂಗಿನ ನಾರಿನ, ಹಗ್ಗ ಕೊಟ್ಟೆ. ನಾನು ಬೇಡ ಎಂದೆ. ‘ರೇಶಿಮಿ ಖಣ, ಹಗ್ಗದ ಗುರುತು ಬೀಳ್ತದ, ಸಾವಕಾರ ಬೈತಾರ’ ಎಂದೆ. ಅಂಗಡಿಯ ಕೆಂಪು ದಡಿಯ ಪಟ್ಟಿಯಿಂದ ನಾನೇ ಕಟ್ಟಿದೆ.

ಕಟ್ಟಿದ್ದೂ ಅಂಗಡಿಯ ಗಂಟೇ. ಗಿರಾಕಿಯ ಎದುರು ಮೂಟೆ ಒಂದೇ ಎಳೆತಕ್ಕೆ ಬಿಚ್ಚಬೇಕು, ಹಲ್ಲು ಉಗುರು ಹಚ್ಚುತ್ತ ಕೂತರೆ ಗಿರಾಕಿ ಎದ್ದು ಹೋಗುತ್ತಾನೆ. ಆದ್ದರಿಂದ ನಮ್ಮ ಕೈಗೆ ಕಲಿಸಿದ್ದು ಜಾರುಗಂಟು. ದಿನಕ್ಕೆ ನೂರು ಸಲ ಅದನ್ನೇ ಹಾಕಿದ ಕೈ ಅಂದೂ ಅದನ್ನೇ ಹಾಕಿತು. ಇದು ಮರೆವು, ಇಷ್ಟಾದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

ಹಡಪಸರ ದಾಟಿದ ಮೇಲೆ ಮೂಟೆ ಸಡಿಲಾದದ್ದು ನನ್ನ ಬೆನ್ನಿಗೆ ತಿಳಿಯಿತು. ನಿಲ್ಲಿಸು ಎನ್ನಬೇಕೆಂದೆ. ಸಂತೆಗೆ ತಡವಾಗುತ್ತದೆ, ಘಾಟು ಹತ್ತಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಏರಿನ ಮೂರನೆಯ ತಿರುವಿನಲ್ಲಿ ಏನೋ ಬೆನ್ನಿನಿಂದ ಜಾರಿತು, ಗಾಲಿ ಕಟಕ್ಕನೆ ಕಚ್ಚಿ ನಿಂತಿತು. ಅಷ್ಟೇ ನೆನಪು. ಪಟ್ಟಿ ಗಾಲಿಯಲ್ಲಿ ಸಿಕ್ಕಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆ, ನೋಡಿದ್ದಲ್ಲ.

ನೀನು ಜೋರು ಹೊಡೆದಿರಲಿಲ್ಲ. ನಡೆಯುವ ಮನುಷ್ಯ ನಮ್ಮ ಜೊತೆ ಬರಬಹುದಾದಷ್ಟು ನಿಧಾನ ಇತ್ತು.

ಎಚ್ಚರ ಬಂದಾಗ ಎಲ್ಲರೂ ನಿನ್ನ ಹೆಸರು ಹೇಳುತ್ತಿದ್ದರು. ಗ್ಯಾರೇಜಿನವರು ನಿನ್ನನ್ನು ಕೆಲಸದಿಂದ ಬಿಡಿಸಿದ್ದರು, ನೀನು ಮುರಿದ ಕಾಲು ಕಟ್ಟಿಕೊಂಡು ಊರಿಗೆ ಹೋಗಿಯಾಗಿತ್ತು. ನಾಳೆ ಹೇಳೋಣ ಎಂದುಕೊಂಡೆ. ಅಂದಿನಿಂದ ನನಗೆ ಎಲ್ಲದಕ್ಕೂ ಹೆದರಿಕೆ. ಕಂದೀಲು ಆರಿದೆಯೋ, ಬಾಗಿಲು ಹಾಕಿದೆಯೋ ಎಂದು ಹತ್ತು ಸಲ ಕೇಳುತ್ತೇನೆ, ಮನೆಯಲ್ಲಿ ನಗುತ್ತಾರೆ. ಕೇಳಬೇಕಾದ ಆ ಒಂದು ದಿನ ಮಾತ್ರ ಕೇಳಲಿಲ್ಲ.

ಇನ್ನು ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ನಿಜಲಿಂಗಪ್ಪ


ವಿಜಾಪುರ
ತಾ. ೨೪ ಅಕ್ಟೋಬರ್ ೧೯೩೭

ಮಾವನವರಿಗೆ ಶರಣು.

ಗೊತ್ತಿತ್ತು. ನೀವು ಎಚ್ಚರ ತಪ್ಪಿ ಬಿದ್ದಿದ್ದಿರಿ, ನನ್ನ ಕಾಲು ಇಂಜಿನ್ನಿನ ಕೆಳಗೆ. ಹಿಂದಿನ ಗಾಲಿ ನನ್ನ ಮುಖದ ಎದುರಿಗೇ ಇತ್ತು. ಚೈನಿನೊಳಗೆ ಕೆಂಪು ದಡಿ ಸುತ್ತಿತ್ತು. ಎತ್ತಿನ ಗಾಡಿಯವರು ಬರುವ ಮೊದಲು ಕಿಸೆಯ ಚಾಕುವಿನಿಂದ ಕೊಯ್ದು ತೆಗೆದು ಕಿಸೆಯಲ್ಲಿ ಇಟ್ಟುಕೊಂಡೆ. ಈಗಲೂ ನನ್ನ ರಿಪೇರಿಯ ಪಾನಾಪಕ್ಕಡ್‌ಗಳ ಪೆಟ್ಟಿಗೆಯಲ್ಲಿದೆ.

ಯಾಕೆ ಹೇಳಲಿಲ್ಲ ಎಂದರೆ, ಅಕ್ಕ ದವಾಖಾನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ನೀವು ಬದುಕುತ್ತೀರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ತಪ್ಪು ಒಳಗೆ ಮಲಗಿದವರದ್ದು ಎಂದು ಹೇಗೆ ಹೇಳಲಿ. ಅವಳಿಗೆ ಬೈಯಲು ಒಬ್ಬರು ಬೇಕಿದ್ದರು. ನಾನು ಎದುರಿಗೆ ಇದ್ದೆ.

ನೀವು ಎದ್ದ ಮೇಲೆ ಹೇಳುತ್ತೀರಿ ಎಂದುಕೊಂಡಿದ್ದೆ. ಕಾದೆ. ಮೊದಲ ಪಂಚಮಿಗೆ ಅಂಚೆಯವನ ದಾರಿ ನೋಡಿದೆ. ಎರಡನೆಯದಕ್ಕೂ ನೋಡಿದೆ. ಆಮೇಲೆ ಕಾಯುವುದೇ ರೂಢಿಯಾಯಿತು. ಸಿಟ್ಟು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನನಗೆ ಹೇಳಿದ್ದು ಆಯಿತು. ನನಗೆ ಮೊದಲೇ ಗೊತ್ತಿದ್ದದ್ದನ್ನು ಹೇಳಿದಿರಿ. ಗೊತ್ತಿಲ್ಲದವಳು ನಿಮ್ಮ ಅಡಿಗೆ ಮನೆಯಲ್ಲಿದ್ದಾಳೆ. ಅವಳಿಗೆ ಹೇಳಿರಿ. ಹೇಳದಿದ್ದರೆ ನಾನು ಬರುವುದಿಲ್ಲ, ಗಾಡಿ ಮಾರುತ್ತೇನೆ.

ಮಲಕಪ್ಪ


ಪುಣೆ
ತಾ. ೧೦ ನವಂಬರ್ ೧೯೩೭

ಮಲಕಪ್ಪನಿಗೆ,

ಗಾಡಿ ಮಾರಬೇಡ.

ದೀಪಾವಳಿ ಪಾಡ್ಯದ ದಿನ ಹೇಳಿದೆ. ಅವಳು ಎಣ್ಣೆ ಹಚ್ಚಲು ಬಟ್ಟಲು ಹಿಡಿದುಕೊಂಡು ನಿಂತಿದ್ದಳು. ನಾನು ಮಣೆಯ ಮೇಲೆ ಕೂತು ಅವಳಿಗೆ ಬೆನ್ನು ಮಾಡಿ ಹೇಳಿದೆ, ಮುಖ ನೋಡಿ ಹೇಳಲು ಆಗಲಿಲ್ಲ. ಪಟ್ಟಿ, ಗಂಟು, ಹಡಪಸರದಲ್ಲಿ ಸಡಿಲಾದದ್ದು, ನೀನು ಪಟ್ಟಿ ಕೊಯ್ದು ಮುಚ್ಚಿಟ್ಟದ್ದು, ಎಲ್ಲ ಹೇಳಿದೆ. ಅವಳು ಎಣ್ಣೆ ಹಚ್ಚಿದಳು. ಪೂರ್ತಿ ಹಚ್ಚಿದಳು, ಎಂದಿಗಿಂತ ನಿಧಾನವಾಗಿ. ಬಟ್ಟಲು ಕೆಳಗಿಟ್ಟು ಒಂದೇ ಮಾತು ಆಡಿದಳು.

‘ಹನ್ನೊಂದು ಪಂಚಮಿ.’

ಅಂದಿನಿಂದ ನನ್ನ ಜೊತೆ ಮಾತಿಲ್ಲ. ಜಗಳ ಇಲ್ಲ, ಅಳು ಇಲ್ಲ. ಊಟಕ್ಕೆ ಬಡಿಸಿ ಅಂಗಳಕ್ಕೆ ಹೋಗಿ, ‘ರಾಧಾಬಾಯಿ, ತ್ಯಾಂನಾ ಸಾಂಗಾ, ಗಂಗಾಳ ಹಾಕೀನಿ’ ಎನ್ನುತ್ತಾಳೆ. ಅವರಿಗೆ ಹೇಳು ಎಂದು. ರಾಧಾಬಾಯಿ ನಮ್ಮ ಹೊಸ್ತಿಲಿಗೆ ಬಂದು ಆರು ಮೊಳ ದೂರದಲ್ಲಿ ಕೂತ ನನಗೆ ಅದನ್ನೇ ಮರಾಠಿಯಲ್ಲಿ ಹೇಳುತ್ತಾಳೆ. ಅವಳಿಗೆ ಇದರಲ್ಲಿ ಭಾಳ ಖುಷಿ.

ಈಗ ನಿನ್ನ ಅಕ್ಕ ನಿನಗೆ ಹೇಳುವ ಮಾತು ಅವಳು ಹೇಳಿದಂತೆ ಬರೆಯುತ್ತೇನೆ. ನೀರಿನ ಹಂಡೆಯ ಕಡೆ ಮುಖ ಮಾಡಿ ಹೇಳುತ್ತಿದ್ದಾಳೆ.

‘ಬರಿಯೂವರು ಬರೀಲಿ. ಮಲಕ್ಯಾ, ನೀನೂ ಕಳ್ಳನ. ಇಬ್ಬರೂ ಕಳ್ಳರ. ಒಬ್ಬಾಂವ ಹೇಳಲಿಲ್ಲ, ಒಬ್ಬಾಂವ ಗೊತ್ತಿದ್ದೂ ಮುಚ್ಚಿಟ್ಟ. ನಡುವ ನಾ ಒಬ್ಬಾಕಿ ಹುಚ್ಚಿ, ನಿನ್ನ ಲಗ್ನಕ್ಕ ಬರಲಿಲ್ಲ, ಕೂಸಿನ ತೊಟ್ಟಿಲಕ್ಕ ಬರಲಿಲ್ಲ. ಪಂಚಮಿ ಜೋಕಾಲಿ ಕಟ್ಟಿದ್ದು ನೋಡೀನಿ ಖರೆ, ಆಡಿಲ್ಲ. ಇದನ್ನ ಬರದರೋ ಬಿಟ್ಟರೋ ನನಗೇನ್ ಗೊತ್ತಾಗಬೇಕು, ನನಗ ಓದಾಕ ಬರೂದಿಲ್ಲ. ಬಿಟ್ಟಿದ್ದರ ಬಂದಾಗ ಹೇಳು. ನಾ ಬರತೀನಿ. ದಿವೆ ಘಾಟ್ಯಾಗಿಂದನ ಬರತೀನಿ. ಆ ತಿರುವಿನ್ಯಾಗ ಗಾಡಿ ನಿಲ್ಲಸು, ನಾ ಇಳದು ನೋಡೂದದ. ಸಾಮಾನು ಕಟ್ಟೂವರು ಯಾರಂತ ನೀ ಹೇಳೀಯಲ್ಲ, ಅವರ ಕಟ್ಟಲಿ.’

ಒಂದಕ್ಷರ ಬಿಟ್ಟಿಲ್ಲ.

ಆಮೇಲೆ ತಾನೇ ಸೆರಗು ಹೊದ್ದುಕೊಂಡು ರಾಧಾಬಾಯಿಯನ್ನು ಕರೆದುಕೊಂಡು ಮಾರ್ತಾಂಡನ ಅಡತಿಗೆ ಹೊರಟಳು. ನಾನು ಹಿಂದಿನಿಂದ ಹೋದೆ. ಬೆಲ್ಲ ತೂಗುವ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ನಿಂತಳು. ಮಾರ್ತಾಂಡ ಕಲ್ಲು ಹಾಕುತ್ತ ‘ವಹಿನಿ, ಚಾರ ಢೇಪಾ ಗೂಳ’ ಎಂದು ನಕ್ಕ, ನಾಲ್ಕು ಪೆಂಟಿ ಬೆಲ್ಲದಷ್ಟು ಎಂದು. ನಿನ್ನ ಅಕ್ಕ ‘ಗಿರಾಕಿಗೆ ಹಾಕೂ ಸುಳ್ಳು ಕಲ್ಲು ನನಗ ಹಾಕಬ್ಯಾಡ. ಖರೇ ತೂಕಾ ಹೇಳು. ನನ್ನ ತಮ್ಮ ಲೆಕ್ಕಾ ಮಾಡಿ ಗಾಡಿ ಹೊಡ್ಯಾಂವ ಅದಾನ’ ಎಂದಳು. ಅವನಿಗೆ ಕನ್ನಡ ಬರುವುದಿಲ್ಲ, ಸುಮ್ಮನೆ ತಲೆಯಾಡಿಸಿದ. ನನ್ನ ತಮ್ಮ ಎಂದು ಅವಳ ಬಾಯಲ್ಲಿ ನಾನು ಹನ್ನೊಂದು ವರ್ಷದ ಮೇಲೆ ಕೇಳಿದೆ. ನೂರಾ ಮೂವತ್ತನಾಲ್ಕು ಪೌಂಡು. ಬರೆದುಕೊ.

ನಾನು ಅಂಗಡಿಯಲ್ಲಿ ನೇಕಾರರ ಗಂಟು ಕಲಿಯುತ್ತಿದ್ದೇನೆ. ಗುಳೇದಗುಡ್ಡದಿಂದ ಬರುವ ಗಠ್ಠಾ ಮೂಟೆಗಳಿಗೆ ಹಾಕಿರುತ್ತಾರಲ್ಲ, ಕತ್ತರಿಯಿಂದ ಕೊಯ್ದೇ ತೆಗೆಯಬೇಕಾದದ್ದು. ದಿನಾ ಮಧ್ಯಾಹ್ನ ಸ್ಟೂಲಿನ ಕಾಲಿಗೆ ಕಟ್ಟುತ್ತೇನೆ. ಮನಸ್ಸಿಟ್ಟು ಕಟ್ಟಿದರೆ ಬರುತ್ತದೆ. ಮನಸ್ಸು ಸ್ವಲ್ಪ ಆಚೆ ಹೋದರೆ ಕೈ ತನ್ನ ಹಳೆಯ ಜಾರುಗಂಟನ್ನೇ ಹಾಕಿಬಿಡುತ್ತದೆ. ಇದೇ ನನ್ನ ಹೆದರಿಕೆ. ನೀನೇ ಕಟ್ಟಬಾರದೇ, ಕೊನೆಯ ಸಲ ಕೇಳುತ್ತೇನೆ.

ನಿಜಲಿಂಗಪ್ಪ


ಪುಣೆ
ತಾ. ೨೨ ನವಂಬರ್ ೧೯೩೭, ಸೋಮವಾರ

ಚಿ. ಮಲಕಪ್ಪನಿಗೆ,

ನೀವು ಹೊರಟು ಒಂದು ತಾಸು ಆಗಿಲ್ಲ, ನಾನು ಅಂಗಡಿಗೆ ಹೋಗದೆ ಹೊಸ್ತಿಲಲ್ಲೇ ಕೂತು ಬರೆಯುತ್ತಿದ್ದೇನೆ. ಇದನ್ನು ಇವತ್ತಿನ ರೈಲಿಗೆ ಹಾಕಿದರೆ ನಿಮಗಿಂತ ಮೊದಲು ವಿಜಾಪುರದಲ್ಲಿರುತ್ತದೆ. ನೀನು ಇದನ್ನು ಓದುತ್ತಿದ್ದೀ ಎಂದರೆ ಘಾಟು ದಾಟಿದ್ದೀರಿ, ಭೀಮೆ ದಾಟಿದ್ದೀರಿ. ಹಾಗೆಂದುಕೊಂಡು ಬರೆದರೆ ನನಗೆ ಸ್ವಲ್ಪ ಸಮಾಧಾನ.

ನಿನಗೆ ಒಂದು ಸಂಗತಿ ಹೇಳಬೇಕು, ಯಾಕೆಂದರೆ ನೀನು ನೋಡಿಲ್ಲ. ನಿನ್ನೆ ನೀನು ವಾಡೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಒಳಗೆ ಬಾರದೆ, ನಮಗೆ ಬೆನ್ನು ತಿರುಗಿಸಿ ನಿಂತೆ. ‘ಅಕ್ಕಾ, ಬೆನ್ನು ತೋರಸಾಕ ಬಂದೀನಿ’ ಎಂದೆ. ಎಲ್ಲರೂ ನಕ್ಕರು, ರಾಧಾಬಾಯಿಗೆ ಏನೂ ತಿಳಿಯದೆ ಅವಳೂ ನಕ್ಕಳು. ನಿನ್ನ ಅಕ್ಕ ಹಿಂದಿನಿಂದ ಬಂದು ನಿನ್ನ ಕಿವಿ ಹಿಡಿದು ತಿರುಗಿಸುವ ತನಕ ನೀನು ಅಲುಗಲಿಲ್ಲ. ಕಿವಿ ಹಿಡಿಯುವ ಮೊದಲು ಅವಳು ಬಹಳ ಹೊತ್ತು ನಿನ್ನ ಬೆನ್ನ ಹಿಂದೆ ನಿಂತಿದ್ದಳು. ನಿನ್ನ ಎಡಗಾಲನ್ನು ನೋಡುತ್ತಿದ್ದಳು, ಆ ಎರಡು ಬೆರಳು ಅಟ್ಟೆಯ ಚಪ್ಪಲಿಯನ್ನು. ಕೈ ಎರಡು ಸಲ ಮೇಲೆ ಬಂದು ಕೆಳಗೆ ಹೋಯಿತು. ಆಮೇಲೆ ಕಿವಿ ಹಿಡಿದಳು. ಅದನ್ನು ನಾನು ಒಬ್ಬನೇ ನೋಡಿದವನು, ನನ್ನ ಹತ್ತಿರವೇ ಇಟ್ಟುಕೊಳ್ಳುವುದು ಸರಿಯಲ್ಲ. ಇಟ್ಟುಕೊಂಡದ್ದು ಸಾಕಾಗಿದೆ.

ಇನ್ನು ಈ ಬೆಳಗಿನದು. ನೀನು ಕಾತಿ ಹಗ್ಗ ನನ್ನ ಕೈಗೆ ಕೊಟ್ಟು ಆ ಕಡೆ ಹೋಗಿ ಟಾಯರಿಗೆ ಗಾಳಿ ಹಾಕುತ್ತ ಕೂತೆ. ನಾನು ಟ್ರಂಕಿಗೆ ಎರಡು ಸುತ್ತು, ಹಾಸಿಗೆಗೆ ಎರಡು ಸುತ್ತು ಹಾಕಿ ನಾಲ್ಕು ಮೂಲೆಗೆ ನಾಲ್ಕು ಗಂಟು ಕಟ್ಟಿದೆ. ಬಲಗಡೆಯ ಎರಡು ಕಟ್ಟಿ ಕಾಲು ಕೊಟ್ಟು ಎಳೆದು ನೋಡಿದೆ, ಅಲುಗಲಿಲ್ಲ. ಎಡಗಡೆಯ ಮುಂದಿನದೂ ಹಾಗೇ. ಮೂರೂ ನೇಕಾರರ ಗಂಟು, ಆಣೆ ಮಾಡಿ ಹೇಳುತ್ತೇನೆ.

ನಾಲ್ಕನೆಯದು ಕಟ್ಟುತ್ತಿದ್ದೆ. ನಿನ್ನ ಅಕ್ಕ ಬುತ್ತಿಯ ಗಂಟು ಹಿಡಿದು ಆಸನ ಹತ್ತಲು ಬಂದವಳು ನನ್ನ ಮಗ್ಗುಲಲ್ಲಿ ನಿಂತಳು. ಹದಿನೆಂಟು ದಿನದಿಂದ ರಾಧಾಬಾಯಿಯ ಬಾಯಿಂದ ಮಾತು ಕೇಳಿದ ನನಗೆ, ಯಾರೂ ನಡುವೆ ಇಲ್ಲದೆ, ಮೆಲ್ಲಗೆ ಹೇಳಿದಳು.

‘ಸಂಜೀಕ ಒಬ್ರ ಕೂತು ಹಳಸಿದ್ದು ಉಣಬ್ಯಾಡ್ರಿ. ಶೇಂಗಾ ಹಿಂಡಿ ಗಿಡ್ಡ ಡಬ್ಬಿಯೊಳಗ ಅದ, ಮಾಡದಾಗ. ಮತ್ತ, ಪಂಚಮಿಗೆ ಇನ್ನ ವರ್ಷಾ ಕಳಸ್ರಿ ನನ್ನ.’

‘ಹೂಂ’ ಎಂದೆ. ಅವಳು ಹತ್ತಿ ಕೂತಳು. ನಾನು ಕೈ ತೆಗೆದಾಗ ಗಂಟು ಕಟ್ಟಿಯಾಗಿತ್ತು. ನೀನು ಬಂದೆ, ಸಾಮಾನಿನ ಕಡೆ ಕಣ್ಣೂ ಹಾಯಿಸಲಿಲ್ಲ, ಒಂದು ಸಲ ಮುಟ್ಟಿಯೂ ನೋಡಲಿಲ್ಲ. ಕಿಕ್ ಹೊಡೆದು ಹೊರಟೇ ಬಿಟ್ಟೆ. ನಿಲ್ಲು ಎಂದು ನಾನು ಕೂಗಿದೆ, ಈ ಸಲ ಕೂಗಿದೆ ಮಲಕಪ್ಪ, ಪೇಠೆಯ ಮೂಲೆಯ ತನಕ ಓಡಿದೆ. ಇಂಜಿನ್ನಿನ ಸಪ್ಪಳಕ್ಕೆ ನಿನಗೆ ಕೇಳಲಿಲ್ಲ. ಅವಳಿಗೆ ಕೇಳಿಸಿತು, ತಿರುಗಿ ನೋಡಿ ಕೈ ಮಾಡಿದಳು. ನಾನು ಬೀಳ್ಕೊಡುತ್ತಿದ್ದೇನೆ ಎಂದು ತಿಳಿದಳು.

ಅವಳು ಮಾತಾಡಿದಾಗ ನನ್ನ ಕೈ ಯಾವ ಗಂಟು ಹಾಕಿತು, ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ಅವಳ ಮಾತೇ ನೆನಪಾಗುತ್ತದೆ, ಕೈ ನೆನಪಾಗುವುದಿಲ್ಲ.

ವಿಜಾಪುರದ ತನಕ ಮೂರು ಗಂಟು ಹಿಡಿದಿರುತ್ತವೆ. ಆದರೆ ಕಟ್ಟು ಇನ್ನೂ ಬಿಚ್ಚಿರದಿದ್ದರೆ, ಕೂಡಲಸಂಗಮಕ್ಕೆ ಹೊರಡುವ ಮೊದಲು, ಅಕ್ಕ ಹತ್ತಿ ಕೂಡುವ ಮೊದಲು, ಎಡಗಡೆಯ ಹಿಂದಿನ ಗಂಟಿನ ತುದಿ ಹಿಡಿದು ಒಮ್ಮೆ ಎಳೆದು ನೋಡು.

ನಿನ್ನ ಮಾವ
ನಿಜಲಿಂಗಪ್ಪ